ಗೋಡೆಯಲ್ಲಿ ಎಷ್ಟು ಚಿನ್ನ

ಕಲ್ಲು ಅದೇ, ಚಿನ್ನದ ಬೆಲೆ ಮಾತ್ರ ಗಗನಕ್ಕೇರಿತ್ತು. ಟನ್ನಿಗೆ ಐದು ಗ್ರಾಂ ಚಿನ್ನವೂ ಸಿಗದ ಕಲ್ಲನ್ನು ಅರೆದರೆ ನಷ್ಟವೆಂದು ಗಣಿಯವರು ಹಿಂದೆಲ್ಲ ಬಿಸಾಡುತ್ತಿದ್ದರು. ಈಗ ಒಂದು ಗ್ರಾಂ ಸಿಕ್ಕರೂ ಲಾಭ. ಹಾಗಾಗಿ ಬಿಸಾಡಿದ ಕಲ್ಲಿನ ಗುಡ್ಡವನ್ನು ಅಗೆದು ಮುಗಿಸಿ, ಅದೇ ಕಲ್ಲಿನಿಂದ ಕಟ್ಟಿದ ಮನೆಗಳ ಮೇಲೆ ಕಣ್ಣು ಹಾಕಿದ್ದರು. ಗೋಡೆಯಲ್ಲಿ ಚಿನ್ನವಿದ್ದರೆ ಮನೆಗೆ ಎರಡರಷ್ಟು ಬೆಲೆ ಕೊಡುತ್ತಾರಂತೆ. ಬೀದಿಗೆ ಬೀದಿಯೇ ಗೋಡೆ ಸವರಿಕೊಂಡು ಕನಸು ಕಾಣುತ್ತಿತ್ತು.

ಹೊಲಿಗೆಯಮ್ಮ ಒಬ್ಬಳೇ ತನ್ನ ಗೋಡೆ ಬರೀ ಕಲ್ಲಾಗಿರಲಿ ಎಂದು ಹಾರೈಸುತ್ತಿದ್ದಳು. ಅವಳ ಗಂಡ ಗಣಿಯಲ್ಲಿ ಕಲ್ಲಿನ ಲಾರಿ ಓಡಿಸುತ್ತಿದ್ದವನು. ಬಿಸಾಡುವ ಕಲ್ಲೆಂದು ಹೇಳಿ ಒಳ್ಳೆಯ ಅದಿರನ್ನೇ ಸಾಗಿಸಿ ಗೋಡೆಯೊಳಗೆ ಬಚ್ಚಿಟ್ಟ ಎಂದು ಯಾರೋ ಗುಲ್ಲೆಬ್ಬಿಸಿದರು, ಅವನ ಕೆಲಸ ಹೋಯಿತು. ಅವನು ಸತ್ತ ಮೇಲೂ ಮಾತು ನಿಲ್ಲಲಿಲ್ಲ. ಜನರ ಬಾಯಿ ಅಂದರೆ ಗೊತ್ತಲ್ಲ, ಅದಕ್ಕೆ ಭಾನುವಾರದ ರಜೆಯೂ ಇಲ್ಲ.

ಗಣಿಯವರು ಹೊಲಿಗೆಯಮ್ಮನ ಗೋಡೆ ಕೊರೆದು ತೆಗೆದ ಪುಡಿ ಹೋಗಿದ್ದು ಅವಳ ಮಗಳ ಕೈಗೇ. ಗಣಿಯ ಪರೀಕ್ಷಾಲಯದಲ್ಲಿ ಕಲ್ಲು ಕರಗಿಸಿ ಚಿನ್ನ ತೂಗುವ ಕೆಲಸ ಅವಳದು.

ಮಧ್ಯಾಹ್ನ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟ ಹೊಲಿಗೆಯಮ್ಮನಿಗೆ ಜೋಂಪು ಹತ್ತಿತು. ಬಿಸಿಲು ಬಿದ್ದಲ್ಲೆಲ್ಲ ಗೋಡೆ ಮೆತ್ತಗಾಗಿ ಉಸಿರಾಡುತ್ತಿತ್ತು. ಹಳದಿ ಎಳೆಗಳು ನೂಲಿನ ಹಾಗೆ ಬಿಚ್ಚಿಕೊಂಡು ಮಡಿಲಿಗೆ ಇಳಿದವು. ಗೋಡೆಯೊಳಗೆ ಗಂಡ ಲಾರಿ ನಿಲ್ಲಿಸಿ ಮುಖ ಒರೆಸಿಕೊಳ್ಳುತ್ತಿದ್ದ.

"ಏನ್ರೀ, ನಿಜ ಹೇಳಿ, ಏನು ತಂದು ತುಂಬಿದ್ದೀರಿ ಇಲ್ಲಿ?"

"ಮೊದಲು ನೀರು ಕೊಡೇ," ಎಂದು ಅವನು ನಕ್ಕ. ಅವಳು ಲೋಟ ಹುಡುಕುತ್ತಲೇ ಇದ್ದಳು. ಮನೆಯಲ್ಲಿ ಒಂದೂ ಸಿಗಲಿಲ್ಲ.

"ಅಮ್ಮ, ಏಳು."

ಮಗಳು ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದಳು. "ಮತ್ತೆ ಮತ್ತೆ ಮಾಡಿ ನೋಡ್ದೆ. ಟನ್ನಿಗೆ ಕಾಲು ಗ್ರಾಮೂ ಇಲ್ಲ. ಅರೆಯೋ ಖರ್ಚೂ ಹುಟ್ಟಲ್ಲ. ಈ ಬೀದೀಲಿ ನಮ್ಮನೆ ಗೋಡೆನೇ ಎಲ್ಲಕ್ಕಿಂತ ಕಡೆ."

"ಇನ್ನೊಂದ್ಸಲ ಹೇಳು."

"ಬರೀ ಕಲ್ಲು ಅಂದ್ನಲ್ಲಮ್ಮ."

ಹೊಲಿಗೆಯಮ್ಮ ದಡಕ್ಕನೆ ಎದ್ದು ಬಾಗಿಲು ಹಾರುಹೊಡೆದಳು. ಸಂತೋಷಕ್ಕೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಮ್ಮ ಹಿಗ್ಗಿದ್ದು ಯಾಕೆಂದು ಆಗ ಮಗಳಿಗೆ ತಿಳಿಯಿತು. "ಇರಮ್ಮ, ಊರಿಗೆಲ್ಲ ನಾನೇ ಹೇಳಿ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದಳು.

ಹೊಲಿಗೆಯಮ್ಮ ಹೊಸ್ತಿಲಲ್ಲೇ ಕುಸಿದು ಕುಳಿತಳು.

"ಊರಿಗೆ ಹೇಳಬಹುದು. ನಿಮ್ಮಪ್ಪಂಗೆ ಯಾರು ಹೇಳೋದು? ನಾನೂ ಅವರನ್ನ ನಂಬಿರಲಿಲ್ಲ ಕಣೇ."