ಅಮ್ಮ ಕೊಡದ ಸೀರೆ

ಅಕ್ಕ ಸೌದಾಮಿನಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ವಾರವೇ ಅಮ್ಮ ನನ್ನ ಕೈಯಲ್ಲಿ ಅಟ್ಟದ ಮೇಲಿನ ಚಿಂದಿ ಬಟ್ಟೆಯ ಗಂಟು ಇಳಿಸಿಸಿದಳು. ಹುಟ್ಟುವ ಮಗುವಿಗೆ ಹೊಸ ಬಟ್ಟೆ ತಾಗಿಸುವ ಕ್ರಮ ನಮ್ಮಲ್ಲಿಲ್ಲ. ಒಗೆದೊಗೆದು ಮೆತ್ತಗಾದ ಹಳೆಯ ಬಟ್ಟೆಯಲ್ಲೇ ಅದನ್ನು ಸುತ್ತಬೇಕು, ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆಯ ಮೇಲೆಯೇ ಮಲಗಿಸಬೇಕು. ಅಂಥ ಹೊದಿಕೆಯನ್ನು ಬಯಲುಸೀಮೆಯವರು ಕೌದಿ ಎನ್ನುತ್ತಾರೆಂದು ಹಾಸ್ಟೆಲಿನಲ್ಲಿದ್ದಾಗ ಕೇಳಿದ್ದೆ. ವರ್ಕಾಡಿಯ ನಮ್ಮ ಮನೆಯಲ್ಲಿ ಅದನ್ನು ಬರೀ ಹೊದಿಕೆ ಎನ್ನುತ್ತಿದ್ದೆವು.

ಗಂಟು ಬಿಚ್ಚಿದರೆ ಮನೆಯ ಹತ್ತಿಪ್ಪತ್ತು ವರ್ಷ ಚಾಪೆಯ ಮೇಲೆ ಹರಡಿಕೊಳ್ಳುತ್ತಿತ್ತು. ಅಕ್ಕನ ಶಾಲೆಯ ಲಂಗ, ಅಪ್ಪನ ತೋಳು ಹರಿದ ಖಾದಿ ಅಂಗಿ, ನನ್ನ ಯಾವುದೋ ಹುಟ್ಟುಹಬ್ಬದ ಹಳದಿ ರವಿಕೆ, ಪೇಟೆಯಲ್ಲಿ ಹೊಲಿಯುವ ವಾಸಪ್ಪ ಅಪ್ಪನ ಮೇಲಿನ ಗೌರವಕ್ಕೆ ತೆಗೆದಿಟ್ಟು ಕೊಡುತ್ತಿದ್ದ ಚೂರುಗಳು. ಅಪ್ಪ ಜನಾರ್ದನ ಮಾಸ್ಟ್ರು ವಾಸಪ್ಪನಿಗೆ ಒಂದನೆಯ ಕ್ಲಾಸಿನಲ್ಲಿ ಅಕ್ಷರ ಕಲಿಸಿದವರು. ಅಜ್ಜಿ ಹಾಸಿಗೆ ಹಿಡಿದಿದ್ದ ವರ್ಷ ಅಮ್ಮ ಅವಳ ಕಾಲ ಬಳಿ ಕೂತು ಎರಡು ಹೊದಿಕೆ ಹೊಲಿದಿದ್ದಳು. ಗಂಜಿ ಕುಡಿಸಿ, ಮೈ ಒರೆಸಿ, ಮಗ್ಗುಲು ಹೊರಳಿಸಿ ಬಂದು ಸೂಜಿ ಹಿಡಿದರೆ ಅವಳ ಮುಖದ ಬಿಗಿ ಸಡಿಲವಾಗುತ್ತಿತ್ತು. ನನಗೂ ಈ ಕೆಲಸ ಹಿಡಿಸಿತ್ತು. ಬಿ.ಎ. ಮಾಡಿದರೂ ನಾಲ್ಕು ಜನರೆದುರು ಬಾಯಿ ಬಿಡಲಾರದವಳು ನಾನು. ಹೊಲಿಯುವಾಗ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಕಣ್ಣು ಬಟ್ಟೆಯ ಮೇಲಿದ್ದರೆ ಸಾಕು. ಬೇರೆ ಹೊತ್ತಿನಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವ ಮಾತು ಆಗ ತಾನಾಗಿ ಹೊರಗೆ ಬರುತ್ತದೆ.

ಆ ಸಲ ಮಾತ್ರ ಅಮ್ಮ ಸೂಜಿ ಹಿಡಿಯಲಿಲ್ಲ. ಕಣ್ಣು ಮಂಜಾಗಿದೆ, ನೀವೇ ಹೊಲಿಯಿರಿ ಎಂದು ಆಚೆ ಬಾಗಿಲ ಹೊಸ್ತಿಲ ಬಳಿ ಕೂತು ಯಾವ ತುಂಡಿನ ಪಕ್ಕ ಯಾವುದು ಎಂದು ಹೇಳಿದಳು. ಒಂದೆರಡು ದಿನ ಕಳೆದ ಮೇಲೆ ಅದೂ ಕಡಿಮೆಯಾಯಿತು.

ಅಕ್ಕನ ಬಸಿರಿನ ಆರೈಕೆಗೆಂದು ಮೀಂಜದಿಂದ ದೊಡ್ಡತ್ತೆ ಬಂದಿದ್ದರು. ಅಪ್ಪನ ಅಕ್ಕ. ಸಣ್ಣ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು. ಮಡಿಯ ವಿಷಯದಲ್ಲಿ ಅವರು ಬಹಳ ಬಿಗಿ. ಅಮ್ಮನ ಮೇಲೆ ಅವರಿಗಿದ್ದ ಹಳೆಯ ದೂರು ಒಂದೇ. ಅಮ್ಮ ನೂಲಿನ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸುತ್ತಿದ್ದಳು, ಹೊಲಿದು ಮುಗಿದರೆ ಹಲ್ಲಿನಲ್ಲಿ ಕಡಿಯುತ್ತಿದ್ದಳು. ಎಂಜಲು ನೂಲಿನ ಹೊದಿಕೆಯನ್ನು ದೇವರ ಕೋಣೆಯ ಪಕ್ಕದಲ್ಲಿ ಹಾಸುತ್ತೀಯಲ್ಲ ಎಂದು ಅವರು, ಎಂಜಲು ಒಗೆದರೆ ಹೋಗುತ್ತದೆ ಅತ್ತಿಗೆ ಎಂದು ಅಮ್ಮ. ನನಗೆ ಬುದ್ಧಿ ಬಂದಾಗಿನಿಂದ ಈ ಜಗಳ ಕೇಳಿದ್ದೇನೆ.

ಈಗ ಅಮ್ಮ ಬದಲಾಗಿದ್ದಳು. ಎಲ್ಲರ ಊಟವಾದ ಮೇಲೆ ಹಿಂದಿನ ಜಗಲಿಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ತನ್ನ ಲೋಟ ಬಟ್ಟಲನ್ನು ತಾನೇ ಬೂದಿ ಹಾಕಿ ತಿಕ್ಕಿ ಬೇರೆ ಇಡುತ್ತಿದ್ದಳು. ಸೀರೆಯನ್ನು ಹಿತ್ತಿಲ ಕೊನೆಯ ಬಿದಿರಿನ ಮೇಲೆ ಒಣಗಿಸಿ, ನಮ್ಮ ಕೈ ತಾಗದಂತೆ ಮಡಿಸಿ ಒಯ್ಯುತ್ತಿದ್ದಳು. ಮಲಗುವುದೂ ಹಿಂದಿನ ಕೋಣೆಯಲ್ಲಿ, ಬೇರೆ ಚಾಪೆಯಲ್ಲಿ. ದೊಡ್ಡತ್ತೆಗೆ ತುಂಬ ಸಮಾಧಾನ. ಮೊಮ್ಮಗು ಬರುವ ಹೊತ್ತಿಗಾದರೂ ಈಶ್ವರಿಗೆ ಮಡಿಯ ಬೆಲೆ ತಿಳಿಯಿತು ಎಂದು ಅಪ್ಪನೆದುರು ಹೊಗಳಿದರು. ಅಮ್ಮ ಯಾವುದೋ ವ್ರತ ಹಿಡಿದಿದ್ದಾಳೆಂದು ನಾನೂ ದಿನಚರಿಯಲ್ಲಿ ಬರೆದುಕೊಂಡೆ. ಸೊರಗಿದ್ದಾಳೆ ಎಂಬುದು ಕಾಣುತ್ತಿತ್ತು. ಒಪ್ಪತ್ತು ಮಾಡುವವರು ಸೊರಗುವುದು ಸಹಜವೆಂದುಕೊಂಡೆವು. ಕೆಮ್ಮು ಬಂದರೆ ಬಾವಿಯ ಆಚೆ ಹೋಗುತ್ತಿದ್ದಳು. ಬಿಸಿಲುಗಾಲದ ಧೂಳು ಎನ್ನುತ್ತಿದ್ದಳು.

ಹೊದಿಕೆಯ ಮೇಲಿನ ಪದರ ಮುಗಿಯುತ್ತ ಬಂದಾಗ ಅಡಿಯ ಪದರದ ಮಾತು ಬಂತು. ಹೊಲಿದು ಮುಗಿದ ಮೇಲೆ ಮಗುಚಿ ಹಾಸಿದರೆ ಮಗುವಿನ ಮೈಗೆ ತಾಗುವುದು ಆ ಪದರ. ಅದಕ್ಕೆ ಅಜ್ಜಿಯ ಸೀರೆಯೇ ಆಗಬೇಕು, ತಾಯಿಯ ತಾಯಿ ಉಟ್ಟು ಮೆತ್ತಗಾದದ್ದು, ಅಂದರೆ ಅಮ್ಮನದು. ದೊಡ್ಡತ್ತೆ ಕೇಳಿದರು. ಅಮ್ಮ ನಾಳೆ ಎಂದಳು. ಮರುದಿನ ಕೇಳಿದರೆ, ಯಾವುದೂ ಅಷ್ಟು ಹಳತಾಗಿಲ್ಲ ಎಂದಳು. ಅಷ್ಟು ಹಳೆಯ ಸೀರೆಯನ್ನೇ ಉಟ್ಟುಕೊಂಡು ಹಾಗೆ ಹೇಳಿದ್ದಕ್ಕೆ ಅಕ್ಕ ನಕ್ಕುಬಿಟ್ಟಳು.

ಮೂರನೆಯ ದಿನ ದೊಡ್ಡತ್ತೆ ಹಿತ್ತಿಲಿಗೆ ಹೋಗಿ ಬಿದಿರಿನ ಮೇಲಿದ್ದ ನೀಲಿ ಸೀರೆಯನ್ನು ತಾವೇ ಎಳೆದುಕೊಂಡರು. ಅಮ್ಮ ಬಾವಿಕಟ್ಟೆಯಿಂದ ಓಡಿ ಬಂದು ಅದನ್ನು ಕಸಿದುಕೊಂಡಳು. ಕಸಿದ ರಭಸಕ್ಕೆ ದೊಡ್ಡತ್ತೆ ಎರಡು ಹೆಜ್ಜೆ ಹಿಂದೆ ಹೋದರು. ನಾನೂ ಅಕ್ಕನೂ ಜಗಲಿಯಲ್ಲಿ ನಿಂತು ನೋಡುತ್ತಿದ್ದೆವು.

"ನಾನು ಮಿಂದೇ ಬಂದದ್ದು ಮಾರಾಯ್ತಿ, ನಿನ್ನ ಮಡಿ ಎಲ್ಲಿಗೂ ಹೋಗುವುದಿಲ್ಲ," ಎಂದರು ದೊಡ್ಡತ್ತೆ.

"ಅದಲ್ಲ. ನನ್ನದು ಬೇಡ."

"ಎಂತಕ್ಕೆ ಬೇಡ? ಮೊದಲನೇ ಮೊಮ್ಮಗುವಿಗೆ ಒಂದು ಹಳೇ ಸೀರೆ ಕೊಡ್ಲಿಕ್ಕೆ ನಿನಗೆ ಕೈ ಬರುವುದಿಲ್ಲವಾ?"

ಅಮ್ಮ ಸೀರೆಯನ್ನು ಎದೆಗೆ ಒತ್ತಿ ಹಿಡಿದು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ನಿಮ್ಮದೇ ಒಂದು ಕೊಡಿ ಅತ್ತಿಗೆ."

ದೊಡ್ಡತ್ತೆಯ ಮುಖ ಕಪ್ಪಿಟ್ಟಿತು. ವಿಧವೆ ಉಟ್ಟ ಸೀರೆಯನ್ನು ಹುಟ್ಟುವ ಮಗುವಿನ ಮೈಗೆ ಯಾರೂ ಹಾಕುವುದಿಲ್ಲ. ಅದು ಅಮ್ಮನಿಗೆ ಗೊತ್ತಿಲ್ಲದ್ದಲ್ಲ, ಗೊತ್ತಿಲ್ಲವೆಂದು ದೊಡ್ಡತ್ತೆ ನಂಬುವವರೂ ಅಲ್ಲ.

"ಇಷ್ಟು ವರ್ಷ ಈ ಮನೆಗೆ ಬಂದು ಹೋದೆ. ಈ ಮಾತು ಯಾರೂ ಆಡಿರಲಿಲ್ಲ," ಎಂದು ಮೆಲ್ಲಗೆ ಹೇಳಿ ಅವರು ಒಳಗೆ ಹೋದರು. ತಮ್ಮ ಬಟ್ಟೆಯ ಗಂಟು ಕಟ್ಟತೊಡಗಿದರು. ಅಕ್ಕ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಅಮ್ಮ ತಪ್ಪಾಯಿತೆಂದು ಹೇಳಲೂ ಇಲ್ಲ, ಅಳಲೂ ಇಲ್ಲ. ಸೀರೆ ಹಿಡಿದುಕೊಂಡು ಬಚ್ಚಲ ಕಡೆಗೆ ನಡೆದಳು.

ಜಗಲಿಯಲ್ಲಿ ನಾನೊಬ್ಬಳೇ ಉಳಿದೆ. ನನ್ನನ್ನು ಕಾಡಿದ್ದು ಆ ಕಟು ಮಾತಲ್ಲ. ಸೀರೆ ಒಗೆದದ್ದು, ಹಿಡಿದವರು ಮಿಂದವರು. ಮಡಿಯ ಲೆಕ್ಕದಲ್ಲಿ ಅದರಲ್ಲೇನೂ ದೋಷವಿಲ್ಲ. ಮಡಿಯವರು ತಮಗೆ ಬೇರೆಯವರು ತಾಗಬಾರದು ಎನ್ನುತ್ತಾರೆ. ಅಮ್ಮ ಇಷ್ಟು ದಿನ ನಡೆದುಕೊಂಡದ್ದು ತಾನು ಬೇರೆಯವರಿಗೆ ತಾಗಬಾರದು ಎಂಬ ಹಾಗೆ. ಕಣ್ಣು ಮಂಜು ಎಂದವಳು ಹೊಸ್ತಿಲ ಬಳಿಯಿಂದಲೇ ನನ್ನ ಹೊಲಿಗೆ ಓರೆ ಹೋದದ್ದನ್ನು ಕಂಡಿದ್ದಳು. ಹಾಗಾದರೆ ಸೂಜಿ ಯಾಕೆ ಮುಟ್ಟಲಿಲ್ಲ? ನೂಲನ್ನು ಬಾಯಿಗೆ ಇಡದೆ ಅವಳಿಗೆ ಹೊಲಿದು ಅಭ್ಯಾಸವಿಲ್ಲ. ಅಭ್ಯಾಸಬಲದಿಂದ ಒಂದು ಸಲ ಇಟ್ಟರೂ ಸಾಕು. ಅದಕ್ಕೇ ಇರಬೇಕು. ಅವಳು ಸೊರಗಿದ್ದು, ಕೆಮ್ಮು ಬಂದರೆ ಬಾವಿಯ ಆಚೆ ಹೋದದ್ದು ಎಲ್ಲ ಒಟ್ಟಿಗೆ ನೆನಪಾಯಿತು.

ಬಚ್ಚಲಲ್ಲಿ ಅವಳು ಹಂಡೆಯ ನೀರಿಗೆ ಅದೇ ನೀಲಿ ಸೀರೆಯನ್ನು ಹಾಕಿ ಕುದಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ.

"ಅಮ್ಮ, ಕೆಮ್ಮಿನಲ್ಲಿ ರಕ್ತ ಉಂಟಾ?"

ಅವಳು ಸೌದೆಯನ್ನು ಒಲೆಯ ಒಳಗೆ ತಳ್ಳಿದಳು. "ದೀಪಾವಳಿಯ ನಂತರ ಒಂದು ಸಲ. ಮೊನ್ನೆ ಮತ್ತೊಂದು ಸಲ. ನೀನು ಹತ್ತಿರ ಬರಬೇಡ."

ಡಾಕ್ಟರಿಗೆ ತೋರಿಸಿದ್ದೀಯಾ ಎಂದು ಕೇಳಲೇ ಇಲ್ಲ. ತೋರಿಸಿಲ್ಲವೆಂಬುದು ಆ ಒಲೆಯ ಮುಂದೆಯೇ ತಿಳಿಯುತ್ತಿತ್ತು. ಅವಳೇ ಹೇಳಿದಳು. ಅವಳ ಸೋದರಮಾವನಿಗೆ ಇದೇ ಕಾಯಿಲೆ ಇತ್ತು. ಅವನನ್ನು ಹೊರಗಿನ ಕೊಟ್ಟಿಗೆಯಲ್ಲಿ ಇಟ್ಟು, ಬಟ್ಟಲನ್ನು ಕೋಲಿನಲ್ಲಿ ತಳ್ಳಿ ಊಟ ಕೊಡುತ್ತಿದ್ದುದನ್ನು ಅವಳು ನೋಡಿದ್ದಳು. ಆ ಮನೆಯ ಹೆಣ್ಣುಮಕ್ಕಳಿಗೆ ಎಷ್ಟೋ ವರ್ಷ ಮದುವೆ ಕೂಡಿಬರಲಿಲ್ಲ.

"ಸೌದಾಮಿನಿಯ ಅತ್ತೆಮನೆಯವರಿಗೆ ಗೊತ್ತಾದರೆ ನಾಳೆಯೇ ಬಂದು ಕರ್ಕೊಂಡು ಹೋಗ್ತಾರೆ. ಚೊಚ್ಚಲ ಹೆರಿಗೆ ತವರಲ್ಲಿ ಆಗ್ಲಿಲ್ಲ ಅಂದರೆ ಅವಳು ಅಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ನಿನಗೆ ಗಂಡು ಎಲ್ಲಿಂದ ಸಿಗ್ತದೆ? ಹೆರಿಗೆ ಒಂದು ಆಗ್ಲಿ. ಆಮೇಲೆ ನಾನೇ ಅಪ್ಪನ ಹತ್ತಿರ ಹೇಳ್ತೇನೆ."

"ಹೆರಿಗೆಯಾದರೆ ಮಗುವನ್ನು ಮೀಯಿಸುವುದು ಯಾರು? ದೂರ ನಿಲ್ತೀಯಾ ನೀನು?"

ಅವಳು ಯಾರ ಹತ್ತಿರವೂ ಹೇಳುವುದಿಲ್ಲವೆಂದು ಆಣೆ ಮಾಡು ಎನ್ನುತ್ತ ಕೈ ಚಾಚಿದಳು. ನನ್ನ ಅಂಗೈ ಮುಟ್ಟುವ ಮೊದಲೇ ನೆನಪಾಗಿ ಹಿಂದಕ್ಕೆ ತೆಗೆದುಕೊಂಡಳು. ಹೀಗೆ ಆಣೆ ಆಗಲೇ ಇಲ್ಲ. ಅವಳು ತೆಗೆದುಕೊಳ್ಳದಿದ್ದರೆ ನಾನು ಕೈ ಕೊಟ್ಟುಬಿಡುತ್ತಿದ್ದೆನೋ ಏನೋ.

ಎದುರಿನ ಜಗಲಿಗೆ ಬಂದಾಗ ಶಾಲೆ ಬಿಟ್ಟು ಬಂದ ಅಪ್ಪ ಕಾಲು ತೊಳೆಯುತ್ತಿದ್ದರು. ದೊಡ್ಡತ್ತೆ ಗಂಟು ಪಕ್ಕದಲ್ಲಿಟ್ಟುಕೊಂಡು, ಮೀಂಜಕ್ಕೆ ಗಾಡಿ ಹೇಳಿಸು ಎಂದು ಅವರಿಗೆ ಹೇಳುತ್ತಿದ್ದರು. ಯಾಕೆ ಎಂದು ಅಪ್ಪ ಕೇಳಿದರೆ ನಿನ್ನ ಹೆಂಡತಿಯನ್ನು ಕೇಳು ಎಂಬ ಉತ್ತರ. ಅಕ್ಕ ಒಳಗೆ ನಿದ್ದೆ ಹೋಗಿದ್ದಳು. ನನಗೆ ಮಾತು ಎಲ್ಲಿಂದ ಶುರುಮಾಡುವುದೆಂದು ತಿಳಿಯಲಿಲ್ಲ. ಹೊದಿಕೆಯನ್ನು ಮಡಿಲಿಗೆ ಎಳೆದುಕೊಂಡು ಅರ್ಧಕ್ಕೆ ಬಿಟ್ಟ ಸಾಲನ್ನು ಹೊಲಿಯತೊಡಗಿದೆ. ಅಕ್ಕನ ಲಂಗದ ತುಂಡು ದಾಟಿತು. ವಾಸಪ್ಪ ಕೊಟ್ಟ ಗೆರೆಗೆರೆಯ ಚೂರು ಬಂತು. ಅದರ ಮಧ್ಯದಲ್ಲಿ ಸೂಜಿ ಇರುವಾಗ ಹೇಳಿದೆ.

"ಅಮ್ಮನದು ಮಡಿ ಅಲ್ಲ ದೊಡ್ಡತ್ತೆ. ಅಮ್ಮನಿಗೆ ಕ್ಷಯ. ಮಗುವಿಗೆ ತಾಗಬಾರದು ಅಂತ ಸೀರೆ ಕೊಡ್ಲಿಲ್ಲ."

ಅಪ್ಪನ ಕೈಯಲ್ಲಿದ್ದ ಚೊಂಬಿನ ನೀರು ಅವರ ಕಾಲಿನ ಮೇಲಲ್ಲದೆ ಮೆಟ್ಟಿಲ ಮೇಲೆ ಸುರಿಯುತ್ತಲೇ ಇತ್ತು. ನಾನು ತಲೆ ಎತ್ತದೆ ಹೊಲಿದೆ, ರಕ್ತದ ಮಾತು, ಹಂಡೆಯ ಮಾತು ಎಲ್ಲವನ್ನೂ ಹೇಳಿದೆ. ದೊಡ್ಡತ್ತೆಯೇ ಮೊದಲು ಬಾಯಿ ತೆರೆದರು.

"ನಾನು ಊರಿಡೀ ಹೊಗಳಿಕೊಂಡು ಬಂದೆನಲ್ಲ," ಎಂದರು. ಅವರ ಧ್ವನಿ ಅವರದಾಗಿರಲಿಲ್ಲ. ಆಮೇಲೆ ಗಂಟು ಬಿಚ್ಚಿ, ಒಳಗಿನ ಸೀರೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಹಗ್ಗದ ಮೇಲೆ ಹಾಕಿದರು.

ಡಾಕ್ಟರು ನೋಡುವವರೆಗೆ ಅಕ್ಕನಿಗೆ ಹೇಳುವುದು ಬೇಡವೆಂದು ಅಪ್ಪ ಹೇಳಿದರು. ಎರಡು ದಿನದಲ್ಲಿ ಅಪ್ಪ, ಅಮ್ಮ, ನಾನು ಮಂಗಳೂರಿಗೆ ಹೊರಟೆವು. ಕಣ್ಣು ತೋರಿಸಿ ಬರುತ್ತೇವೆಂದು ಅಕ್ಕನಿಗೆ ಹೇಳಿದ್ದಾಯಿತು. ಹೊಸಂಗಡಿಯವರೆಗೆ ಗಾಡಿ, ಅಲ್ಲಿಂದ ಬಸ್ಸು. ಗಾಡಿಯಲ್ಲಿ ಎದುರುಬದುರು ಕೂತಿದ್ದರೂ ಅಮ್ಮನ ಕಣ್ಣು ರಸ್ತೆಯ ಮೇಲೆಯೇ ಇತ್ತು. ನಾನು ಮಾಡಿದ್ದು ಸರಿಯೆಂದು ಗೊತ್ತಿದ್ದೂ ನನಗೆ ಕಳ್ಳತನ ಮಾಡಿದವಳ ಹಾಗೆ ಅನಿಸುತ್ತಿತ್ತು.

ಡಾಕ್ಟರು ವಯಸ್ಸಾದವರು. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಡಗಡೆಯ ಶ್ವಾಸಕೋಶದ ಮೇಲ್ಭಾಗ ಮಾತ್ರ ಕೆಟ್ಟಿದೆ, ಈಗ ಮೊದಲಿನ ಹಾಗಲ್ಲ, ಇಂಜೆಕ್ಷನ್ ಇದೆ, ಮಾತ್ರೆ ಬಂದಿದೆ, ಕೆಲವು ತಿಂಗಳು ಆಸ್ಪತ್ರೆಯಲ್ಲಿ ಇದ್ದರೆ ಗುಣವಾಗುವ ಭರವಸೆ ಇದೆ ಎಂದು ಅಪ್ಪನಿಗೆ ವಿವರಿಸಿದರು. ಮುಂದಿನ ವಾರ ಒಂದು ಹಾಸಿಗೆ ಖಾಲಿಯಾಗುತ್ತದೆ. ಬಸುರಿ ಮಗಳು ಆ ಮನೆಯಲ್ಲಿ ಇರುವುದು ಬೇಡ, ಅವಳನ್ನೂ ಒಮ್ಮೆ ಕರೆತಂದು ತೋರಿಸಿ. ಇನ್ನೂ ಆರು ತಿಂಗಳು ತಡಮಾಡಿದ್ದರೆ ತಾನು ಈ ಮಾತು ಹೇಳುವ ಹಾಗಿರಲಿಲ್ಲ ಎಂದೂ ಸೇರಿಸಿದರು. ಮೊದಲು ಗುರುತು ಹಿಡಿದದ್ದು ಯಾರೆಂದು ಅವರು ಕೇಳಿದಾಗ ಅಮ್ಮನೇ ಉತ್ತರ ಕೊಟ್ಟಳು.

"ಇವಳು, ಸಣ್ಣವಳು. ಸತ್ಯವತಿ. ಬಾಯಿ ಬಾರದವಳು ಅಂತ ಮಾಡಿದ್ದೆ."

ಮರಳುವ ಬಸ್ಸಿನಲ್ಲಿ ಕಿಟಕಿಯ ಬಳಿ ಅವಳು, ಒಂದು ಸೀಟು ಬಿಟ್ಟು ನಾನು. ನೇತ್ರಾವತಿ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗದೆಯೇ ಮಾತಾಡಿದಳು.

"ಸೌದಾಮಿನಿಗೆ ನೀನೇ ಹೇಳು. ನನಗೆ ಧೈರ್ಯ ಇಲ್ಲ. ನಿನಗೀಗ ಮಾತು ಬರ್ತದಲ್ಲ."

ಸಂಜೆ ನಾವು ಮನೆ ಸೇರಿದಾಗ ಅಕ್ಕ ಹೊದಿಕೆಯ ಒಂದು ತುದಿ ಹಿಡಿದು ಹೊಲಿಯುತ್ತಿದ್ದಳು. ನಾನು ಇನ್ನೊಂದು ತುದಿಗೆ ಕೂತು ಸೂಜಿ ತೆಗೆದುಕೊಂಡೆ. ಅಡಿಯ ಪದರಕ್ಕೆ ದೊಡ್ಡತ್ತೆ ಅಪ್ಪನ ಎರಡು ಹಳೆಯ ಪಂಚೆಗಳನ್ನು ಜೋಡಿಸಿ ಕೊಟ್ಟಿದ್ದರು, ಯಾವ ಕ್ರಮದ ಮಾತನ್ನೂ ಎತ್ತದೆ. ನಾನು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ನಡುವೆ ದೊಡ್ಡತ್ತೆ ಬಂದು ನಿಂತು, ಹೆರಿಗೆ ನನ್ನ ಮೀಂಜದ ಮನೆಯಲ್ಲಾಗಲಿ, ನಿನ್ನ ಅಪ್ಪ ಹುಟ್ಟಿ ಬೆಳೆದ ಮನೆಯ ಮಗಳೇ ನಾನಾದ್ದರಿಂದ ಅದೂ ತವರೇ, ನಿನ್ನ ಅತ್ತೆಮನೆಯವರಿಗೆ ನಾನೇ ಹೋಗಿ ಹೇಳುತ್ತೇನೆ, ಏನು ಹೇಳುತ್ತಾರೋ ನನ್ನ ಮುಖ ನೋಡಿ ಹೇಳಲಿ ಎಂದರು.

ಅಕ್ಕನ ಸೂಜಿ ನಿಂತಿತು.

"ನಾನು ಬಂದಾಗಿನಿಂದ ಅಮ್ಮ ಒಂದು ದಿನ ನನ್ನ ತಲೆ ಮುಟ್ಟಲಿಲ್ಲ," ಎಂದಳು. "ಕೊಟ್ಟ ಹೆಣ್ಣು, ಇನ್ನು ಹೊರಗಿನವಳು ಅಂತ ಮಾಡಿದ್ದಾಳೆ ಅಂದುಕೊಂಡಿದ್ದೆ. ಯಾರ ಹತ್ತಿರ ಹೇಳುವುದು ಅದನ್ನೆಲ್ಲ."

ಮತ್ತೆ ತಲೆ ತಗ್ಗಿಸಿ ಹೊಲಿಗೆ ಮುಂದುವರಿಸಿದಳು. ಅವಳ ಮೂಗಿನ ತುದಿಯಿಂದ ಒಂದು ಹನಿ ಬಟ್ಟೆಗೆ ಬಿತ್ತು.

ಆಗ ಹಿಂದಿನ ಕೋಣೆಯಿಂದ ಅಮ್ಮನ ಕೆಮ್ಮು ಕೇಳಿತು. ಅವಳು ಬಾವಿಯ ಆಚೆ ಓಡಲಿಲ್ಲ. ಮನೆಯೊಳಗೇ, ಒಳಗಿದ್ದುದೆಲ್ಲ ಸಡಿಲವಾಗುವವರೆಗೂ, ದೀರ್ಘವಾಗಿ ಕೆಮ್ಮಿದಳು. ಅವಳ ಕೆಮ್ಮು ಇಷ್ಟು ಜೋರೆಂದು ನಮಗೆ ಗೊತ್ತೇ ಇರಲಿಲ್ಲ. ಅಪ್ಪ ಎದ್ದು ಬಿಸಿನೀರು ತರಲು ಹೋದರು.