ಉತ್ತರಕ್ಕಿರಬೇಕಾದ ಬಾಣ

ನೆಲದ ನಡುಕ ಅಳೆಯುವ ಯಂತ್ರದವನ ಜೀಪು ಬಾಗಿಲ ಮುಂದೆ ನಿಂತದ್ದೇ ತಡ, ದರ್ಜಿಯಮ್ಮನ ಕಿವಿ ನೆಟ್ಟಗಾಯಿತು. ತಿಂಗಳ ಕೊನೆಗೆ ಬರಬೇಕಾದವನು ಇವತ್ತೇ ಯಾಕೆ ಬಂದ? ಅದೂ ವಿಚಾರಣೆಗೆ ಒಂದೇ ದಿನ ಉಳಿದಿರುವಾಗ!

ವಿಚಾರಣೆ ಅವಳ ತಮ್ಮನದು. ಊರ ಉತ್ತರಕ್ಕಿರುವ ಕಲ್ಲುಕ್ವಾರಿಯಲ್ಲಿ ಮದ್ದು ಸಿಡಿಸುವ ಕೆಲಸ ಅವನಿಗೆ. ಹೋದ ವಾರ ಬೆಳಗ್ಗೆ ಆರಕ್ಕೆ ನೆಲ ನಡುಗಿ ಪಕ್ಕದ ಮನೆ ಮೇಷ್ಟ್ರ ಗೋಡೆ ಕುಸಿಯಿತು. ಪಾಪ, ಅವರ ಕಾಲೂ ಮುರಿಯಿತು. ಹತ್ತು ಗಂಟೆಗೆ ಮುಂಚೆ ಕ್ವಾರಿಯಲ್ಲಿ ಸಿಡಿಸುವ ಹಾಗಿಲ್ಲ. ಇವನೇ ಕದ್ದುಮುಚ್ಚಿ ಸಿಡಿಸಿದ್ದಾನೆ ಎಂದು ಊರೆಲ್ಲ ಗುಲ್ಲು. ಸಾಬೀತಾದರೆ ಲೈಸೆನ್ಸ್ ಹೋಗುತ್ತದೆ, ಜೈಲೂ ಆದೀತು. "ನಾನು ಮಲಗಿದ್ದೆ ಅಕ್ಕ" ಎಂದು ಅವನು ಗೋಗರೆದರೂ ಅವಳು "ನನ್ನ ಹೊಸ್ತಿಲು ತುಳೀಬೇಡ" ಎಂದು ಮುಖಕ್ಕೆ ಬಾಗಿಲು ಹಾಕಿದ್ದಳು.

ಸಾಕ್ಷಿ ಅವಳ ಹಿಂದಿನ ಕೋಣೆಯಲ್ಲೇ ಕೂತಿತ್ತಲ್ಲ! ಇಲ್ಲಿನದು ಅಲುಗಾಡದ ಗಟ್ಟಿ ನೆಲ. ಆದರೂ ಅಪರೂಪಕ್ಕೊಮ್ಮೆ ಸಣ್ಣಗೆ ನಡುಗುತ್ತದೆ, ಎಲ್ಲಿಂದ ಎಂದು ತಿಳಿಯಬೇಕು ಎಂದು ಯಂತ್ರದವನು ಆರು ತಿಂಗಳ ಮಟ್ಟಿಗೆ ನಾಲ್ಕು ಮನೆಗಳಲ್ಲಿ ಕಂಪನಮಾಪಕದ ಡಬ್ಬಿ ಇಟ್ಟಿದ್ದ. ಆ ಬೆಳಗ್ಗೆ ಮೂರು ಡಬ್ಬಿಗಳ ಬ್ಯಾಟರಿ ಸತ್ತಿತ್ತು. ಉಳಿದದ್ದು ಇವಳ ಮನೆಯ ಡಬ್ಬಿ ಒಂದೇ. ನಡುಕ ಬಂದದ್ದು ಉತ್ತರದಿಂದ ಎಂದು ಅದೇ ಹೇಳಿತ್ತು. ಡಬ್ಬಿ ಇಟ್ಟುಕೊಂಡವಳೆಂದು ನಾಳೆ ಇವಳೂ ಸಾಕ್ಷಿ ಹೇಳಬೇಕಿತ್ತು.

"ಒಂದ್ಸಲ ಡಬ್ಬಿ ನೋಡ್ಬೇಕಿತ್ತಮ್ಮ" ಎಂದ ಯಂತ್ರದವನು.

"ವರದಿ ಕೊಟ್ಟಾಯ್ತಲ್ಲ, ಇನ್ನೇನು ನೋಡೋದು?"

"ಐದೇ ನಿಮಿಷ."

ಐದು ನಿಮಿಷದಲ್ಲಿ ಏನೇನು ಕೈಚಳಕ ಮಾಡಬಹುದೋ! ಕ್ವಾರಿ ಸಾಹುಕಾರ ಇವನ ಕೈ ಬೆಚ್ಚಗೆ ಮಾಡಿರಬೇಕು, ಸಾಕ್ಷಿ ಅಳಿಸೋಕೆ ಬಂದಿದ್ದಾನೆ ಎಂದುಕೊಂಡಳು. ತಮ್ಮ ಎಂದ ಮಾತ್ರಕ್ಕೆ ಅನ್ಯಾಯ ಮುಚ್ಚಿಹಾಕುವವಳಲ್ಲ ಅವಳು. ಹಿಂದೆಯೇ ಹೋಗಿ, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾ ನಿಂತಳು.

ಅವನು ಕುಕ್ಕರುಗಾಲಲ್ಲಿ ಕೂತು ಡಬ್ಬಿಯ ಪಕ್ಕ ದಿಕ್ಸೂಚಿ ಇಟ್ಟ. ಅದನ್ನು ನೋಡಿದ, ಇವಳನ್ನು ನೋಡಿದ.

"ಇದನ್ನ ಯಾರು ತಿರುಗಿಸಿದ್ದು?"

"ಯಾರೂ ಮುಟ್ಟಿಲ್ಲ."

"ಡಬ್ಬಿ ಮೇಲಿನ ಈ ಬಾಣ ಉತ್ತರಕ್ಕಿರ್ಬೇಕು. ನಾನೇ ಇಟ್ಟಿದ್ದೆ. ಈಗ ಪೂರ್ವದ ಬಾಗಿಲು ನೋಡ್ತಿದೆ." ಅವನ ದನಿ ಗಡುಸಾಯಿತು. "ನೀವು ಆ ಕ್ವಾರಿಯವನ ಅಕ್ಕ ಅಲ್ವಾ? ನಾಳೆ ವಿಚಾರಣೆ ಅಂತ ಇವತ್ತು ತಿರುಗಿಸಿದ್ರಾ?"

ದರ್ಜಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಏನಯ್ಯಾ ನಿನ್ನ ಮಾತು! ಅವನನ್ನ ಉಳಿಸೋ ಆಸೆ ಇದ್ದಿದ್ರೆ ಇಷ್ಟು ದಿನ ಕಾಯ್ತಿದ್ನಾ? ಕಸ ಗುಡಿಸ್ವಾಗ ನಿನ್ನ ಡಬ್ಬಿ ನೆಲದ ಗೆರೆಗೆ ಓರೆಯಾಗಿತ್ತು. ಬಾಗಿಲಿಗೆ ಮುಖ ಮಾಡಿ ನೆಟ್ಟಗೆ ಇಟ್ಟೆ, ಅಷ್ಟೇ!"

ಹೇಳಿ ಮುಗಿಸುವಷ್ಟರಲ್ಲಿ ತಿರುಗಿಸಿದ್ದು ತಾನೇ ಎಂದು ಅವಳಿಗೆ ಹೊಳೆಯಿತು. ಮೂವತ್ತು ವರ್ಷ ಬಟ್ಟೆ ಹೊಲಿದ ಕಣ್ಣು. ಗಿರಾಕಿಯ ಕಾಲರು ಒಂದು ಕೂದಲೆಳೆ ಸೊಟ್ಟಗಿದ್ದರೂ ರಸ್ತೆಯಲ್ಲೇ ನಿಲ್ಲಿಸಿ ಸರಿಮಾಡುವವಳು.

"ಯಾವತ್ತು?"

"ನೆನಪಿಲ್ಲ."

"ಡಬ್ಬಿಗೆ ನೆನಪಿರುತ್ತೆ. ಮುಟ್ಟಿದ್ರೆ ಅದೂ ದಾಖಲಾಗುತ್ತೆ." ಅವನು ಲ್ಯಾಪ್‌ಟಾಪ್ ತೆರೆದು ಹುಡುಕತೊಡಗಿದ. ಅವಳು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಸಿಕ್ತು. ನಡುಕಕ್ಕೆ ನಾಲ್ಕು ದಿನ ಮುಂಚೆ, ಮಧ್ಯಾಹ್ನ ಮೂರೂ ಹತ್ತಕ್ಕೆ." ಅವನ ಮುಖ ಸಡಿಲವಾಯಿತು. "ಆವತ್ತಿಂದ ಉತ್ತರದಲ್ಲಿರೋ ಕ್ವಾರಿಯ ಹತ್ತು ಗಂಟೆ ಸಿಡಿತ ಕೂಡ ಪಶ್ಚಿಮದಿಂದ ಬಂದ ಹಾಗೆ ಕಾಣ್ತಿತ್ತು. ಅದಕ್ಕೇ ಅನುಮಾನ ಬಂದು ಓಡಿ ಬಂದೆ. ಡಬ್ಬಿ ಉತ್ತರ ಅಂದಿದ್ದು ನಿಜವಾಗಿ ಪೂರ್ವ ಅಮ್ಮ. ಅಲ್ಲಿ ಬರೀ ಬೋಳು ಬಂಡೆ, ಸಿಡಿಸೋಕೆ ಒಂದು ನರಪಿಳ್ಳೆ ಇಲ್ಲ. ಅದು ಭೂಕಂಪಾನೇ. ಇವತ್ತೇ ವರದಿ ತಿದ್ದಿ ಕಳಿಸ್ತೀನಿ."

ಜೀಪು ಹೋಗುವ ಮುಂಚೆಯೇ ಅವಳು ತಮ್ಮನಿಗೆ ಫೋನ್ ಮಾಡಿದಳು. ಅಳುತ್ತಾ, ತೊದಲುತ್ತಾ ಎಲ್ಲ ಹೇಳಿದಳು. "ನಿಂದೇನೂ ತಪ್ಪಿಲ್ಲ ಕಣೋ! ಡಬ್ಬೀನೇ ಹೇಳ್ತು!"



"ಡಬ್ಬಿ ಹೇಳಿದ್ಮೇಲೆ ನೀನು ನಂಬಿದೆ" ಎಂದ ತಮ್ಮ. "ಅವನು ಇವತ್ತು ಬರದೇ ಇದ್ದಿದ್ರೆ ನಾಳೆ ಅಲ್ಲಿ ಏನು ಹೇಳ್ತಿದ್ದೆ ಅಕ್ಕ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ನೀನೇ ಮಾಡಿದ್ದು ಅಂತಿದ್ದೆ ಕಣೋ."

ತಮ್ಮ ಫೋನ್ ಇಟ್ಟ.