ಸ್ವಿಚ್ಚಿನ ಬಾಯಿ ಕಟ್ಟಿದ ತಂತಿ

ಜನವರಿಯಲ್ಲಿ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ಕೆಟ್ಟರೆ ಕೆನಡಾದ ನಮ್ಮ ಸಸ್ಕ್ಯಾಚುವಾನಿನಲ್ಲಿ ಯಾರೂ ಸುಮ್ಮನೆ ಕೂರುವಂತಿಲ್ಲ. ಹೊರಗೆ ಸೊನ್ನೆಗಿಂತ ಮೂವತ್ತೈದು ಡಿಗ್ರಿ ಕೆಳಗಿನ ಚಳಿ. ರೈತ ಓರೆಸ್ಟನ ಮನೆಯಲ್ಲಿ, ನೆಲಮಾಳಿಗೆಯ ಫರ್ನೇಸ್ ಹತ್ತು ನಿಮಿಷ ಉರಿಯುವುದು, ಆರುವುದು. ಅವನು ಕೆಳಗಿಳಿದು ಕೆಂಪು ಗುಂಡಿ ಒತ್ತುವನು. ಮತ್ತೆ ಉರಿಯುವುದು, ಮತ್ತೆ ಆರುವುದು.

“ರಿಪೇರಿಯವರನ್ನ ಕರಿ,” ಎಂದಳು ಹೆಂಡತಿ ಜನೆಟ್.

“ಹೋದ ವರ್ಷ ಕರೆದಿದ್ನಲ್ಲ. ಪಟ್ಟಣದಿಂದ ಬಂದ, ಐದು ನಿಮಿಷ ಟಾರ್ಚ್ ಬಿಟ್ಟು ನೋಡ್ದ, ಹೊಸದೇ ಹಾಕ್ಸಿ ಅಂದ. ಹಳೇದೇ ಇವತ್ತಿನವರೆಗೂ ಉರೀಲಿಲ್ವಾ? ಕೊಯ್ಲಿನ ಯಂತ್ರಾನೇ ಬಿಚ್ಚಿ ಜೋಡಿಸೋನು ನಾನು. ಈ ತಗಡಿನ ಡಬ್ಬಕ್ಕೆ ಇನ್ನೊಬ್ಬನ ಕಾಲು ಹಿಡೀಬೇಕಾ?”

ಅವನ ಸಿಟ್ಟು ಸುಳ್ಳಲ್ಲ. ಆದರೆ ಅವನು ಮಾಡಿದ್ದೇನು? ಟ್ರ್ಯಾಕ್ಟರಿನ ಸೀಟಿನಡಿ ಒಂದು ಸ್ವಿಚ್ ಇರುತ್ತದೆ. ಕೂತವನು ಎದ್ದರೆ ಇಂಜಿನ್ ನಿಲ್ಲುತ್ತದೆ. ಅದು ಕಿರಿಕಿರಿಯೆಂದು ನಮ್ಮವರು ಎರಡು ತುದಿಗೂ ತಂತಿ ಕಟ್ಟಿ ಅದರ ಬಾಯಿ ಮುಚ್ಚಿಸುತ್ತಾರೆ. ಫರ್ನೇಸನ್ನು ಮತ್ತೆ ಮತ್ತೆ ಆರಿಸುತ್ತಿದ್ದ ಆ ಕೆಂಪು ಗುಂಡಿಯ ಸ್ವಿಚ್ಚಿಗೂ ಓರೆಸ್ಟ್ ಹಾಗೇ ಕಟ್ಟಿದ. ಫರ್ನೇಸ್ ಆರದೆ ಉರಿಯಿತು. ಮನೆ ಬೆಚ್ಚಗಾಯಿತು.

ಮೂರನೆಯ ದಿನದಿಂದ ಅವನ ತಾಯಿ ಪರಸ್ಕಾ ಅಜ್ಜಿಗೆ ತಲೆನೋವು. ಅವರ ಕೋಣೆ ಫರ್ನೇಸಿನ ನೇರ ಮೇಲೆ. ಎದ್ದರೆ ತಲೆಸುತ್ತು, ತಿಂದರೆ ವಾಕರಿಕೆ. “ಎಂಬತ್ತಾಯ್ತಲ್ಲಮ್ಮ,” ಎಂದ ಮಗ. ವಿಷಗಾಳಿ ಬಂದರೆ ಕೂಗಬೇಕಾದ ಗಂಟೆ ಗೋಡೆಯ ಮೇಲಿತ್ತು. ಅದರ ಬ್ಯಾಟರಿ ಸತ್ತು ಎರಡು ಚಳಿಗಾಲವಾಗಿತ್ತು.

ಶನಿವಾರ ಚರ್ಚಿನ ಹಾಲಿನಲ್ಲಿ ಹೆಂಗಸರು ಸೇರಿ ಪೆರೋಗಿ ಮಾಡುವ ದಿನ. ಹಿಟ್ಟಿನ ಬಿಲ್ಲೆಯೊಳಗೆ ಆಲೂಗಡ್ಡೆ ಇಟ್ಟು ಅಂಚು ಒತ್ತುತ್ತ ಅಜ್ಜಿ ಎರಡು ಗಂಟೆಯಲ್ಲಿ ಗೆಲುವಾದರು.

“ಇಲ್ಲಿಗೆ ಬಂದ್ರೆ ತಲೆನೋವು ಹಾರಿಹೋಗುತ್ತೆ ಕಣ್ರೇ. ಮನೆಗೆ ಹೋದ್ರೆ ಬಾಗಿಲಲ್ಲೇ ಕಾದಿರುತ್ತೆ.”

“ಸೊಸೆ ಇರೋ ಕಡೆ ತಲೆನೋವು ಇದ್ದದ್ದೇ,” ಎಂದು ಪಕ್ಕದವಳು ನಕ್ಕಳು.

“ಸೊಸೆಗೂ ಬರ್ತಿದೆಯಲ್ಲ, ಅದಕ್ಕೇನಂತೀರಿ?” ಎಂದಳು ಜನೆಟ್.

ಎದುರಿಗಿದ್ದ ಆಗ್ನೆಸ್ ನಗಲಿಲ್ಲ. ಆಕೆ ಪರವಾನಗಿ ಪಡೆದು ಇಪ್ಪತ್ತಾರು ವರ್ಷ ಫರ್ನೇಸ್ ರಿಪೇರಿ ಮಾಡಿದವಳು. ಕೈಯ ಹಿಟ್ಟು ಒರೆಸಿಕೊಂಡು ಕೇಳಿದಳು, “ಈಗ ಮನೇಲಿ ಯಾರಿದಾರೆ?”

“ಓರೆಸ್ಟ್ ಇದಾನೆ. ಬೆಳಿಗ್ಗೆಯಿಂದ ಹುಷಾರಿಲ್ಲ ಅಂತ ಮಲಗಿದಾನೆ,” ಎಂದರು ಅಜ್ಜಿ.

ಜನೆಟ್ ಫೋನ್ ಮಾಡಿದಳು. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು. ಅಷ್ಟರಲ್ಲಿ ಆಗ್ನೆಸ್ ಅಗ್ನಿಶಾಮಕ ದಳಕ್ಕೆ ವಿಳಾಸ ಹೇಳುತ್ತಿದ್ದಳು.

ಮುಖವಾಡ ತೊಟ್ಟು ಒಳಗೆ ಹೋದವರು ಓರೆಸ್ಟನನ್ನು ಹೊತ್ತು ತಂದರು. ಆಮ್ಲಜನಕ ಕೊಟ್ಟಮೇಲೆ ಕಣ್ಣು ಬಿಟ್ಟ. ಇನ್ನೊಂದು ಗಂಟೆ ತಡವಾಗಿದ್ದರೆ ಬಿಡುತ್ತಿರಲಿಲ್ಲ ಎಂದರು ಆಸ್ಪತ್ರೆಯಲ್ಲಿ.

ಚಿಮಣಿಯಲ್ಲಿ ಹಕ್ಕಿ ಗೂಡು ಕಟ್ಟಿತ್ತು. ಅಷ್ಟೇ. ತೆಗೆಯಲು ಆಗ್ನೆಸ್‌ಗೆ ಒಂದು ಗಂಟೆಯೂ ಹಿಡಿಯಲಿಲ್ಲ. ಸಂಜೆ ಆಸ್ಪತ್ರೆಗೆ ಹೋಗಿ ಆ ತಂತಿಯನ್ನು ಓರೆಸ್ಟನ ಹೊದಿಕೆಯ ಮೇಲೆ ಹಾಕಿದಳು.

“ಹೊಗೆ ಹೊರಗೆ ಹೋಗ್ತಿಲ್ಲ, ಬೆಂಕಿ ಈಚೆ ನುಗ್ತಿದೆ ಅಂತ ಆ ಸ್ವಿಚ್ ಹೇಳ್ತಾ ಇತ್ತು. ಬೊಗಳೋ ನಾಯಿಗೆ ಬಾಯಿ ಕಟ್ಟಿ, ಕಳ್ಳ ಬರಲಿಲ್ಲ ಅಂದ್ಕೊಂಡ್ಯಲ್ಲ.”

“ಆ ಪಟ್ಟಣದೋನು ಮೋಸ ಮಾಡಕ್ಕೆ ನೋಡ್ದ…”

“ಮೋಸಗಾರನೇ. ಇಂಥವರಿಂದ್ಲೇ ನಮ್ಮ ಕಸುಬಿನ ಮರ್ಯಾದೆ ಹೋಗೋದು. ಅವನು ಬೇಡ ಅಂದ್ರೆ ಇನ್ನೊಬ್ರನ್ನ ಕರಿ. ಪರವಾನಗಿ ತೋರ್ಸಿ ಅನ್ನು, ಏನು ಕೆಟ್ಟಿದೆ ಬರೆದುಕೊಡಿ ಅನ್ನು. ಅವನ ಮೇಲಿನ ಸಿಟ್ಟಿಗೆ ಹೆತ್ತ ತಾಯಿಗೆ ವಿಷ ಉಣಿಸ್ತಾರಾ?”

ಹಾಸಿಗೆಯ ಪಕ್ಕ ಕೂತಿದ್ದ ತಾಯಿಯ ಮುಖವನ್ನು ಓರೆಸ್ಟ್ ನೋಡಲಿಲ್ಲ.

ಅಜ್ಜಿಯೇ ಕೇಳಿದರು, “ಹಾಗಾದ್ರೆ ಇವನು ಏನೂ ಮುಟ್ಟಲೇಬಾರ್ದಾ?”

“ಮುಟ್ಲಿ. ಗಾಳಿಯ ಫಿಲ್ಟರ್ ಬದಲಾಯಿಸ್ಲಿ, ಗೋಡೆಯಾಚೆ ಹೊಗೆಕೊಳವೆ ಇದ್ರೆ ಅದರ ಮೇಲಿನ ಹಿಮ ಬಾಚ್ಲಿ, ಗಂಟೆಗೆ ಬ್ಯಾಟರಿ ಹಾಕ್ಲಿ. ಗ್ಯಾಸು, ಬೆಂಕಿ, ಸ್ವಿಚ್ಚು ಮಾತ್ರ ಕಸುಬು ಬಲ್ಲವರಿಗೆ ಬಿಡ್ಲಿ.”

ಮನೆಗೆ ಬಂದ ದಿನ ಓರೆಸ್ಟ್ ಮೊದಲು ಗಂಟೆಗೆ ಬ್ಯಾಟರಿ ಹಾಕಿದ. ಆಮೇಲೆ ಶೆಡ್ಡಿಗೆ ಹೋಗಿ, ಯಾರೂ ಹೇಳದಿದ್ದರೂ, ಟ್ರ್ಯಾಕ್ಟರಿನ ಸೀಟಿನಡಿಯ ತಂತಿಯನ್ನೂ ಕಿತ್ತ.

ನಿಮ್ಮ ಮನೆಯ ಫರ್ನೇಸಿಗೂ ಯಾರಾದರೂ ತಂತಿ ಕಟ್ಟಿದ್ದಾರೆಯೇ? ಈ ಹಾಳೆ ಕೆಳಗಿಡಿ, ಫರ್ನೇಸ್ ಆರಿಸಿ, ಬಲ್ಲವರನ್ನು ಕರೆಯಿರಿ. ಮನೆಯೊಳಗೆ ತಲೆನೋವು, ಹೊರಗೆ ಬಂದರೆ ಇಲ್ಲ ಎನ್ನುವಂತಿದ್ದರೆ ಕಾರಣ ಹುಡುಕುತ್ತ ಕೂರಬೇಡಿ. ಎಲ್ಲರೂ ಹೊರಗೆ ಬನ್ನಿ, ಹೊರಗಿನಿಂದಲೇ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಚಳಿಗೆ ನೆರೆಮನೆಯಲ್ಲಿ ಕಂಬಳಿ ಸಿಗುತ್ತದೆ. ಆ ಗಾಳಿ ಕುಡಿದು ಮಲಗಿದವರನ್ನು ಎಬ್ಬಿಸಲು ನೆರೆಯವರಿಂದ ಆಗದು.